ಕಾಲು ಕಿಲೋ ಧೈರ್ಯ

ಸೆಪ್ಟೆಂಬರ್ 9, ಮಂಗಳವಾರ

ಬೆಳಗ್ಗೆ ಸ್ಕೂಟಿಯ ಸೀಟಿನ ಮೇಲೆ ಬೂಟಿನ ಗುರುತಿತ್ತು. ಬಲಗಾಲಿನದು. ಹಿಮ್ಮಡಿಯ ಕಡೆ ಮಣ್ಣು ದಪ್ಪಗೆ, ಬೆರಳಿನ ಕಡೆ ತೆಳ್ಳಗೆ ಒಣಗಿತ್ತು. ಯಾರೋ ಕಾಲೆತ್ತಿ ಅಲ್ಲಿಟ್ಟು, ಲೇಸು ಕಟ್ಟಿಕೊಳ್ಳುವಷ್ಟು ಹೊತ್ತು ನಿಂತಿದ್ದಾರೆ. ಸ್ಕೂಟಿ ಇದ್ದದ್ದು ನಮ್ಮ ಕಾಂಪೌಂಡಿನೊಳಗೆ, ಅಮ್ಮ ಮಲಗುವ ಕೋಣೆಯ ಕಿಟಕಿಯ ಕೆಳಗೆ.

ಒದ್ದೆ ಬಟ್ಟೆಯಿಂದ ಒರೆಸಿಬಿಟ್ಟೆ. ಬಟ್ಟೆ ಹಿಂಡುವಾಗ ಹೊಳೆಯಿತು, ಅದರ ಫೋಟೋ ತೆಗೆಯಬೇಕಿತ್ತು, ಯಾರಿಗಾದರೂ ತೋರಿಸಬೇಕಿತ್ತು ಎಂದು. ನಾನು ಹೀಗೆಯೇ. ಮೊದಲು ಒರೆಸುತ್ತೇನೆ, ಆಮೇಲೆ ಯೋಚಿಸುತ್ತೇನೆ.

ಸಮನ್ಸ್ ಬಂದು ಐದು ದಿನವಾಯಿತು. ಅಕ್ಟೋಬರ್ ಹದಿನೈದಕ್ಕೆ ಕೂಡ್ಲಿಗಿ ಕೋರ್ಟಿನಲ್ಲಿ ನನ್ನ ಸಾಕ್ಷಿ. ಹೋದ ವರ್ಷ ಫೆಬ್ರವರಿಯ ಒಂದು ಬೆಳಗ್ಗೆ ಗುಡೇಕೋಟೆ ರಸ್ತೆಯಲ್ಲಿ ಕುರಿ ಹೊಡೆದುಕೊಂಡು ಹೋಗುತ್ತಿದ್ದ ಬೀರಲಿಂಗೇಶಪ್ಪನ ಮೇಲೆ ಟಿಪ್ಪರ್ ಹಾಯಿತು. ಹತ್ತೊಂಬತ್ತು ಕುರಿ ಸತ್ತವು. ಆತನ ಸೊಂಟ ಮುರಿಯಿತು. ತಲೆಗೆ ಬಿದ್ದ ಪೆಟ್ಟಿಗೆ ಆ ಇಡೀ ದಿನವೇ ಆತನ ನೆನಪಿನಿಂದ ಅಳಿಸಿಹೋಯಿತು. ಹೆಂಡತಿ ಗಾದೆಮ್ಮ ಹಟ್ಟಿಯಲ್ಲಿದ್ದಳು. ನೋಡಿದವಳು ನಾನೊಬ್ಬಳೇ, ಲೈಬ್ರರಿಯ ಬಾಗಿಲು ತೆರೆಯಲು ಹೋಗುತ್ತಿದ್ದೆ.

ಟಿಪ್ಪರ್ ನಮ್ಮ ಕಡೆಯ ಪುಢಾರಿ ಮೈಲಾರೇಶನದು. ಓಡಿಸುತ್ತಿದ್ದವನೂ ಮೈಲಾರೇಶನೇ ಎಂದು ನನ್ನ ಹೇಳಿಕೆಯಲ್ಲಿದೆ. ಆದರೆ ಅವನ ಕಡೆಯವರು ಬೇರೊಬ್ಬ ಡ್ರೈವರನ್ನು ತಂದು ನಿಲ್ಲಿಸಿದ್ದಾರೆ. ಅಪಘಾತಕ್ಕೆ ವಾರದ ಮೊದಲಷ್ಟೇ ಕೆಲಸಕ್ಕೆ ಸೇರಿದ, ದೂರದ ಊರಿನವನು. ಓಡಿಸಿದ್ದು ನಾನೇ ಎಂದು ಅವನು ಒಪ್ಪಿಕೊಂಡಿದ್ದಾನೆ. ಹಾಗಾಗಿ ನನ್ನ ಮಾತೊಂದನ್ನು ಬಿಟ್ಟರೆ ಮೈಲಾರೇಶನ ಮೇಲೆ ಏನೂ ಇಲ್ಲ. ಅದು ಅವನಿಗೂ ಗೊತ್ತು. ಬೂಟಿನವನಿಗೂ ಗೊತ್ತು.

ಅಮ್ಮನಿಗೆ ಹೇಳಿಲ್ಲ. ಹರಪನಹಳ್ಳಿಯ ಸಿದ್ದಲಿಂಗ ಮಾವನಿಗೆ ಫೋನ್ ಮಾಡಿ, ಅಪ್ಪನ ರಿವಾಲ್ವರ್ ಬಿಡಿಸಿಕೊಂಡು ಬರೋಣ ಎಂದೆ.

ಸೆಪ್ಟೆಂಬರ್ 11, ಗುರುವಾರ

ಬಿಡಿಸಿಕೊಂಡು ಬಂದೆವು.

ಅಪ್ಪ ಗ್ರಾಮ ಲೆಕ್ಕಿಗರಾಗಿದ್ದಾಗ ಮರಳಿನ ಟ್ರ್ಯಾಕ್ಟರ್ ಹಿಡಿದು, ಬೆದರಿಕೆ ಬಂದು, ಲೈಸೆನ್ಸ್ ಮಾಡಿಸಿ ಇದನ್ನು ಕೊಂಡಿದ್ದರು. ಅವರು ಹೋಗಿ ಎರಡು ವರ್ಷ. ಅಲ್ಲಿಂದ ಇದು ಪೊಲೀಸರ ಸುಪರ್ದಿಯಲ್ಲಿತ್ತು. ವಾರಸುದಾರಳೆಂದು ನಾನು ಅರ್ಜಿ ಹಾಕಿ, ಬೇಸಿಗೆಯಲ್ಲಿ ಬಳ್ಳಾರಿಗೆ ಹೋಗಿ ತರಬೇತಿಯ ಸರ್ಟಿಫಿಕೇಟ್ ತಂದು, ಹೋದ ತಿಂಗಳು ನನ್ನ ಹೆಸರಿನ ಲೈಸೆನ್ಸ್ ಪುಸ್ತಕ ಕೈಗೆ ಬಂತು. ಬಂದರೂ ಹೋಗಿ ತಂದಿರಲಿಲ್ಲ. ಆ ಕೌಂಟರಿನ ಮುಂದೆ ನಿಂತು ‘ರಿವಾಲ್ವರ್ ಕೊಡಿ’ ಎನ್ನಲು ನಾಚಿಕೆ.

ಠಾಣೆಯ ರೈಟರ್ ರಿಜಿಸ್ಟರ್ ನನ್ನ ಕಡೆ ತಿರುಗಿಸುತ್ತ, “ಏನ್ ಮೇಡಂ, ಪುಸ್ತಕ ವಾಪಸ್ ಕೊಡದೋರಿಗೆ ಹೊಡಿಯಾಕೇನ್ರಿ?” ಅಂದ.

ಮಾವ ನಗದೆ, “ದಂಡ ಕಟ್ಟದೋರಿಗೆ ಮಾತ್ರ,” ಅಂದರು. ಮಾವ ಪೊಲೀಸ್ ಶಸ್ತ್ರಾಗಾರದಲ್ಲೇ ದಫೇದಾರರಾಗಿ ನಿವೃತ್ತರಾದವರು. ಇಂಥ ಮಾತಿಗೆ ಅವರ ಬಳಿ ಉತ್ತರ ತಯಾರಿರುತ್ತದೆ. ನಾನು ಸಹಿ ಹಾಕಿದೆ.

ಎಷ್ಟು ಹಗುರ! ಮೊಳಕೈಯವರೆಗೂ ಭಾರ ಬರುತ್ತದೆ ಎಂದು ಕೈ ಗಟ್ಟಿ ಮಾಡಿಕೊಂಡಿದ್ದೆ, ಅದು ಚಿಮ್ಮಿ ಮೇಲಕ್ಕೆ ಬಂತು. ನನ್ನ ಅಂಗೈಗಿಂತ ಸ್ವಲ್ಪ ಉದ್ದ, ಅಷ್ಟೇ. ಮನೆಗೆ ಬಂದು ಮೇಜಿನ ಮೇಲಿಟ್ಟಾಗ ಅಮ್ಮ ದೂರದಿಂದಲೇ, “ಕಾಲು ಕಿಲೋ ಬಳ್ಳೊಳ್ಳಿ ತಂದಂಗ ತಂದ್ಯಲ್ಲ ತಾಯಿ, ಬಾಳ್ ಚಂದಾತು,” ಅಂದಳು.

“ಕಾಲು ಕಿಲೋನೇ ಐತೆ ದುರುಗವ್ವಾ. ಎರಡುನೂರಾ ಐವತ್ತು ಗ್ರಾಂ,” ಅಂದರು ಮಾವ.

“ತೂಕ ಕೇಳಿಲ್ಲ ನಾನು. ಆ ಮನುಷ್ಯ ಹತ್ತು ವರ್ಷ ಅಲಮಾರದಾಗ ಇಟ್ಕಂಡಿದ್ದ. ಹತ್ತು ವರ್ಷ ಒಂದಿನ ನನಗ ನಿದ್ದಿ ಹತ್ತಿಲ್ಲ. ಈಗ ಇಕಿ ಶುರು ಮಾಡ್ಯಾಳ.”

ಸೆಪ್ಟೆಂಬರ್ 14, ಭಾನುವಾರ

ಮಾವ ಪಾಠ ಮಾಡಿದರು. ಅಮ್ಮ ಅದು ಮೇಜಿನ ಮೇಲಿರುವ ತನಕ ಅಂಗಳದಲ್ಲೇ ಕೂತು, ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸಿದಳು.

ಎಂಟು ಗುಂಡು ಹಿಡಿಯುವ ಉರುಳೆ. ಗುಂಡು ಎಷ್ಟು ಸಣ್ಣದೆಂದರೆ ನನ್ನ ಕಿರುಬೆರಳಿನ ಎರಡು ಗೆಣ್ಣಿನಷ್ಟೂ ಇಲ್ಲ. ಮಾವ ಒಂದನ್ನು ಬುಡ ಮೇಲಾಗಿ ಹಿಡಿದು ತೋರಿಸಿದರು. “ದೊಡ್ಡ ಗುಂಡಿಗೆ ನಡುಮಧ್ಯದಾಗೆ ಬೊಟ್ಟು ಇರ್ತೈತೆ, ಅದನ್ನ ಕುಟ್ಟಿದ್ರೆ ಹಾರುತ್ತೆ. ಇದಕ್ಕೆ ಹಂಗಲ್ಲ. ಈ ಅಂಚು ಐತಲ್ಲ, ತಟ್ಟೆ ಅಂಚಿದ್ದಂಗೆ, ಇದರೊಳಗೇ ಮದ್ದು. ಮುಳ್ಳು ಬಂದು ಅಂಚಿಗೇ ಕುಟ್ಟಬೇಕು. ಅದಕ್ಕೇ ಖಾಲಿ ಇದ್ದಾಗ ಕುದುರೆ ಎಳೀಬ್ಯಾಡ, ಮುಳ್ಳು ಕಬ್ಬಿಣಕ್ಕೆ ಬಡಿದು ಮೊಂಡಾಗುತ್ತೆ.”

ಬೆರಳಿನಿಂದ ಎಳೆಯುವ ಆ ಕೊಕ್ಕೆಗೆ ‘ಕುದುರೆ’ ಎನ್ನುತ್ತಾರೆ ಎಂಬುದು ಎಂ.ಎ. ಮಾಡಿದ ನನಗೆ ಈ ಬೇಸಿಗೆಯವರೆಗೆ ಗೊತ್ತಿರಲಿಲ್ಲ.

“ಇಷ್ಟು ಸಣ್ಣ ಗುಂಡಿನಿಂದ ಏನಾಗುತ್ತದೆ ಮಾವ?” ಎಂದೆ.

“ಗುಂಡು ಸಣ್ಣದು ಅಂತ ಸಾವೂ ಸಣ್ಣದಾಗಲ್ಲ ಮಗಳೇ.”

ಸೆಪ್ಟೆಂಬರ್ 16, ಮಂಗಳವಾರ

ಮೊದಲ ದಿನ ಬ್ಯಾಗಿನಲ್ಲಿ ತೆಗೆದುಕೊಂಡು ಹೋದೆ. ಏನೂ ಆಗಲಿಲ್ಲ. ಸಂಜೆ ಬಂದು ಮತ್ತೆ ಅಲಮಾರಕ್ಕೆ ಹಾಕಿ ಬೀಗ ಹಾಕಿದೆ.

ಸೆಪ್ಟೆಂಬರ್ 22, ಸೋಮವಾರ

ಕಾನಹೊಸಹಳ್ಳಿ ದಾಟಿ ಹೆದ್ದಾರಿ ಬಿಟ್ಟು ಒಳಗೆ ತಿರುಗಿದೊಡನೆ ಹೋದ ವರ್ಷದಿಂದ ಆಗಾಗ ಹಿಂಬಾಲಿಸುವ ಆ ಕಪ್ಪು ಬೈಕು ಹಿಂದೆ ಬಂತು. ಇಬ್ಬರು. ಮೊದಲೆಲ್ಲ ಹೀಗಾದರೆ ಸ್ಕೂಟಿ ಪಕ್ಕಕ್ಕೆ ನಿಲ್ಲಿಸಿ, ಫೋನ್ ಬಂದವಳಂತೆ ನಟಿಸಿ, ಅವರು ಮುಂದೆ ಹೋಗಲಿ ಎಂದು ಕಾಯುತ್ತಿದ್ದೆ. ಇವತ್ತು ನಿಲ್ಲಲಿಲ್ಲ. ಕನ್ನಡಿಯಲ್ಲಿ ಅವರ ಕೈಗಳನ್ನು ನೋಡುತ್ತಾ ಅದೇ ವೇಗದಲ್ಲಿ ಹೋದೆ. ಓಡಿಸುವವನ ಕೈ ಹ್ಯಾಂಡಲಿನ ಮೇಲೆ. ಹಿಂದಿನವನ ಒಂದು ಕೈ ತೊಡೆಯ ಮೇಲೆ, ಇನ್ನೊಂದು ಕಾಣಲಿಲ್ಲ. ಕಾಣದ ಕೈಯ ಬಗ್ಗೆಯೇ ಎಚ್ಚರ ಇರಬೇಕು. ಹುಣಸೆಮರದ ತಿರುವಿನ ತನಕ ಬಂದು ಹಿಂದಿರುಗಿದರು.

ಈಚೆಗೆ ಎಲ್ಲರ ಕೈಗಳನ್ನೇ ನೋಡುತ್ತೇನೆ. ಒಳ್ಳೆಯ ಅಭ್ಯಾಸ.

ಮಧ್ಯಾಹ್ನ ಪಂಚಾಯಿತಿಯಲ್ಲಿ ಕಸ ಗುಡಿಸುವ ಮಂಜಮ್ಮ ಎಂದಿನಂತೆ ಊಟಕ್ಕೆ ಬಂದಳು. ಎಂದಿನಂತೆ ನನ್ನ ಬ್ಯಾಗಿಗೆ ಕೈ ಹಾಕಿ ಚಟ್ನಿಪುಡಿಯ ಡಬ್ಬಿ ಹುಡುಕಿದಳು. “ಕೈ ತೆಗೀ!” ಎಂದು ಕೂಗಿದೆ. ಪೇಪರ್ ಓದುತ್ತಿದ್ದ ಇಬ್ಬರು ತಲೆಯೆತ್ತಿದರು.

“ಅಯ್ಯ, ನಿನ್ನ ಬಂಗಾರ ಏನ್ ಕದ್ದುಕಂಡು ಹೋಗ್ತಿದ್ನೇನು ನಾನು,” ಎಂದು ಮಂಜಮ್ಮ ತನ್ನ ಬುತ್ತಿ ಎತ್ತಿಕೊಂಡು ಹೊರಗಿನ ಕಟ್ಟೆಗೆ ಹೋದಳು. ನಾಳೆ ಸಮಾಧಾನ ಹೇಳಬೇಕು.

ಸೆಪ್ಟೆಂಬರ್ 27, ಶನಿವಾರ

ಇವತ್ತು ಮೈಲಾರೇಶ ಲೈಬ್ರರಿಗೆ ಬಂದ.

ಒಬ್ಬನೇ ಬಂದ. ಚಪ್ಪಲಿ ಹೊರಗೆ ಬಿಟ್ಟ. ಬಿಳಿ ಅಂಗಿ, ಹಣೆಗೆ ಗಂಧ. ರಿಜಿಸ್ಟರಿನಲ್ಲಿ ಹೆಸರು ಬರೆದು ಸಹಿ ಮಾಡಿ, ಪೇಪರ್ ಬಿಡಿಸಿಕೊಂಡು ನನ್ನ ಮೇಜಿನ ಎದುರಿನ ಬೆಂಚಿನಲ್ಲೇ ಕೂತ. ನಾನು ಬ್ಯಾಗನ್ನು ತೊಡೆಯ ಮೇಲೆ ತೆಗೆದುಕೊಂಡು ಕೈ ಒಳಗಿಟ್ಟೆ.

“ಈ ಕಾದಂಬರಿ ಎಲ್ಲಾ ನೀವು ಓದೀರೇನ್ರಿ ಮೇಡಂ?”

“ಕೆಲವು.”

“ಬಾಳ್ ಓದಿದೋರಿಗೆ ಒಂದು ತೊಂದ್ರಿ ನೋಡ್ರಿ. ಕಣ್ಣಾರೆ ನೋಡಿದ್ದೆಷ್ಟು, ಬುಕ್ಕಿನಾಗ ಓದಿದ್ದೆಷ್ಟು, ಎಲ್ಲಾ ಕಲಸಿ ಹೋಗಿಬಿಡ್ತೈತಿ.” ಪೇಪರಿನ ಪುಟ ತಿರುಗಿಸಿದ. “ನಾನೇನೂ ಜಗಳಕ್ಕ ಬಂದಿಲ್ರಿ. ಒಂದೇ ಮಾತು ಕೇಳಿ ಹೋಕ್ತೀನಿ. ಅವತ್ತು ನೀವು ನನ್ನ ಮಕ ನೋಡೀರೇನು?”

ನನ್ನ ಬೆರಳುಗಳು ಹಿಡಿಯ ಸುತ್ತ ಇದ್ದವು. “ನೋಡೀನಿ,” ಎಂದೆ.

“ಖರೆ?”

“ನೋಡೀನಿ ಅಂದ್ನೆಲ್ರಿ.”

ಅವನು ಪೇಪರನ್ನು ಮೊದಲಿನ ಮಡಿಕೆಯಂತೆಯೇ ಮಡಚಿಟ್ಟ. “ಬಾಳ್ ಸಂತೋಷ. ಕೋರ್ಟಿನಾಗೂ ಇದನ್ನ ಹೇಳ್ರಿ,” ಎಂದು ಎದ್ದು ಹೋದ.

ಮೌಖಿಕ ಪರೀಕ್ಷೆಯಲ್ಲೂ ನನ್ನ ದನಿ ಇಷ್ಟು ಗಟ್ಟಿಯಾಗಿ ಬಂದಿರಲಿಲ್ಲ. ಹೊರಗೆ ಗುಡಿಸುತ್ತಿದ್ದ ಮಂಜಮ್ಮ ಕಸಬರಿಗೆ ಹಿಡಿದು ಹಾಗೇ ನಿಂತುಬಿಟ್ಟಿದ್ದಳು. ರಾತ್ರಿ ಮೂರು ರೊಟ್ಟಿ ತಿಂದೆ. ಅಪ್ಪ ಹತ್ತು ವರ್ಷ ಇದನ್ನು ಏಕೆ ಇಟ್ಟುಕೊಂಡಿದ್ದರು ಎಂಬುದು ಈಗ ಅರ್ಥವಾಗುತ್ತಿದೆ.

ಅಕ್ಟೋಬರ್ 1, ಬುಧವಾರ

ಆಯುಧಪೂಜೆ. ಮೈಲಾರೇಶ ಬಂದಿದ್ದ ಸುದ್ದಿ ಮಂಜಮ್ಮನಿಂದ ಅಮ್ಮನಿಗೆ ಮುಟ್ಟಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬದಲಿಗೆ ಬೆಳಗ್ಗೆ ಎದ್ದವಳೇ, “ಅಲಮಾರ ತೆಗಿ. ಅದನ್ನೂ ತಾ,” ಅಂದಳು.

ಗುಂಡುಗಳನ್ನು ಹೊರತೆಗೆದು ಕೊಟ್ಟೆ. ಇಳಿಗೆಮಣೆ, ಕೊಡಲಿ, ಹೊಲಿಗೆ ಯಂತ್ರ, ಅಪ್ಪನ ಪೆನ್ನು, ನನ್ನ ಸ್ಕೂಟಿ, ಎಲ್ಲದರ ಜೊತೆಗೆ ಅದಕ್ಕೂ ಮಣೆ ಸಿಕ್ಕಿತು. ಅಮ್ಮ ಕುಂಕುಮವನ್ನು ಎಳನೀರಿನಲ್ಲಿ ಕಲಸಿ ದಪ್ಪಗೆ ಹಚ್ಚಿದಳು. ಮೇಲೆ ಉಚ್ಚಂಗೆಮ್ಮನ ಗುಡಿಯಿಂದ ತಂದ ಬಂಡಾರದ ಅರಿಶಿನ ಉದುರಿಸಿದಳು. ವೀಳ್ಯದೆಲೆಯ ಮೇಲೆ ಸಾಲಾಗಿ ಇಟ್ಟಿದ್ದ ಎಂಟು ಗುಂಡುಗಳ ಬುಡಕ್ಕೂ ಒಂದೊಂದು ಬೊಟ್ಟು ಇಟ್ಟಳು, ಮದುವೆಗೆ ಬಂದ ಮುತ್ತೈದೆಯರಿಗೆ ಇಡುವಂತೆ, ಒಂದನ್ನೂ ಬಿಡದೆ. ಕಾಯಿ ಒಡೆದು ನೀರು ಚಿಮುಕಿಸಿದಳು.

“ನೋಡವ್ವಾ,” ಎಂದು ಅದಕ್ಕೇ ಹೇಳಿದಳು, “ನಿನ್ನ ಕಂಡ್ರ ನನಗ ಆಗಲ್ಲ. ಆದ್ರೂ ನನ್ನ ಮಗಳ ಜೋಡಿ ಅಡ್ಡಾಡಾಕತ್ತೀದಿ. ಕೈ ಬಿಡಬ್ಯಾಡ.”

ನಗು ಬಂತು. ಕಣ್ಣಲ್ಲಿ ನೀರೂ ಬಂತು.

ಸಂಜೆ ಗುಂಡು ತುಂಬುವಾಗ ಒರೆಸಲು ಬಟ್ಟೆ ತೆಗೆದುಕೊಂಡೆ. ಅಮ್ಮ ಕಸಿದುಕೊಂಡಳು. ಹಬ್ಬದ ಕುಂಕುಮ ಒರೆಸಬಾರದಂತೆ, ತಾನಾಗಿಯೇ ಉದುರಬೇಕಂತೆ. ಸ್ಕೂಟಿಯದ್ದನ್ನೂ ನಾವು ಎಂದೂ ಒರೆಸಿದವರಲ್ಲ. ಹಾಗೆಯೇ ತುಂಬಿ ಬ್ಯಾಗಿಗೆ ಹಾಕಿದೆ.

ಅಕ್ಟೋಬರ್ 4, ಶನಿವಾರ

ಗಾದೆಮ್ಮ ಚೆನ್ನಾಗಿದ್ದಾಳೆ. ಏನೂ ಆಗಿಲ್ಲ. ಇವತ್ತು ಇಷ್ಟೇ ಬರೆಯಬಲ್ಲೆ.

ಅಕ್ಟೋಬರ್ 5, ಭಾನುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಿನ್ನೆ ಬೆಳಗ್ಗೆ ಒಂಬತ್ತರ ಸುಮಾರು ತುಂತುರು ಮಳೆ. ಹುಣಸೆಮರದ ತಿರುವಿಗೆ ಇನ್ನೂ ಅರ್ಧ ಕಿಲೋಮೀಟರ್ ಇರುವಾಗ, ಗುಂಡಿ ತಪ್ಪಿಸಲು ಸ್ಕೂಟಿ ನಿಧಾನ ಮಾಡಿದೆ. ಬಲಗಡೆಯ ಜಾಲಿಯ ಪೊದೆಯಿಂದ ಒಂದು ಆಕೃತಿ ರಸ್ತೆಗೆ ಇಳಿಯಿತು. ಕಂಬಳಿಯನ್ನು ತಲೆಯ ಮೇಲಿನಿಂದ ಹೊದ್ದುಕೊಂಡಿತ್ತು, ಮುಖದ ಜಾಗದಲ್ಲಿ ಬರೀ ಕತ್ತಲೆ. ಒಂದು ಕೈಯಲ್ಲಿ ಉದ್ದದ ಕೋಲು, ಅದನ್ನು ನನಗೆ ಅಡ್ಡಲಾಗಿ ಎತ್ತಿತ್ತು. ಇನ್ನೊಂದು ಕೈ ಕಂಬಳಿಯೊಳಗೆ. ಕಾಣದ ಕೈ.

ಬ್ರೇಕ್ ಹಿಡಿದೆ. ಬ್ಯಾಗು ಮುಂದೆಯೇ ಇತ್ತು. ಕೈ ತಾನಾಗಿ ಒಳಗೆ ಹೋಗಿ ಹೊರಗೆ ಬಂತು. ನಾಲ್ಕು ಮಾರು ದೂರವೂ ಇರಲಿಲ್ಲ. ಎದೆಗೆ ಹಿಡಿದು ಕುದುರೆ ಎಳೆದೆ.

ಅದು ಅರ್ಧಕ್ಕೆ ನಿಂತಿತು. ಇನ್ನೊಮ್ಮೆ, ಬೆರಳು ನೋಯುವಷ್ಟು ಎಳೆದೆ. ಉರುಳೆ ತಿರುಗಲಿಲ್ಲ.

ಅಷ್ಟರಲ್ಲಿ ಕಂಬಳಿ ಜಾರಿತು. “ನಿಂದರಬೇಕವ್ವಾ ರೋಜಮ್ಮ, ನಾನು, ನಾನು!” ಗಾದೆಮ್ಮ. ನನ್ನ ಕೈಯಲ್ಲಿದ್ದುದನ್ನು ನೋಡಿ, “ಹಗಲೊತ್ತಿನಾಗ ಬ್ಯಾಟ್ರಿ ಯಾಕ ಬಿಡ್ತೀಯೇ?” ಎಂದಳು. ಟಾರ್ಚ್ ಎಂದುಕೊಂಡಿದ್ದಳು.

ಕಂಬಳಿಯೊಳಗಿನ ಕೈಯಲ್ಲಿ ಒಂದು ವಾರದ ಮರಿಯಿತ್ತು. ಮಳೆಗೆ ನೆನೆಯದಿರಲೆಂದು ಎದೆಗೆ ಒತ್ತಿಕೊಂಡಿದ್ದಳು.

ತಿರುವಿನಲ್ಲಿ ಇಬ್ಬರು ಬೈಕು ಅಡ್ಡ ನಿಲ್ಲಿಸಿಕೊಂಡು ಬೆಳಗಿನಿಂದ ನಿಂತಿದ್ದಾರೆ, ಒಬ್ಬಳೇ ಹೋಗಬೇಡ ಎಂದು ಹೇಳಲು ಆಕೆ ಅಡ್ಡ ಬಂದಿದ್ದಳು. ಅದಕ್ಕಾಗಿ ಮುಕ್ಕಾಲು ಗಂಟೆ ಆ ಪೊದೆಯ ಬದಿಯಲ್ಲಿ ಕಾದಿದ್ದಳು. “ಗಾಡಿ ಆರಿಸು, ನೂಕ್ಯಂತ ನಮ್ ಕುರಿ ಜೋಡಿ ಬಾ,” ಎಂದಳು. ಅರವತ್ತು ಕುರಿಗಳ ನಡುವೆ ಸ್ಕೂಟಿ ನೂಕಿಕೊಂಡು ನಡೆದೆ. ತಿರುವಿನಲ್ಲಿ ಗಾದೆಮ್ಮ ಕೋಲನ್ನು ನೆಲಕ್ಕೆ ಕುಟ್ಟಿ, “ತೆಗೀರಲೇ ಗಾಡಿ, ಕುರಿ ಹಾಯಬೇಕು. ಹಾದಿ ನಿಮ್ಮಪ್ಪಂದೇನು?” ಎಂದು ಗದರಿದಳು. ಅವರು ಬೈಕು ಬದಿಗೆ ಎಳೆದುಕೊಂಡರು. ಒಬ್ಬನ ಮೂಗಿನ ಮೇಲೆ ಬೆವರುಸಾಲೆ ಎದ್ದಿತ್ತು. ಇಪ್ಪತ್ತೆರಡು ವರ್ಷವೂ ಇರಲಾರದು. ಅವರ ಮುಖಗಳನ್ನೂ ಬೈಕಿನ ನಂಬರನ್ನೂ ನಾನು ನೋಡಿದ್ದು ನಿನ್ನೆಯೇ ಮೊದಲು.

ನನ್ನ ಬೆರಳಿಗೆ ಕೆಂಪು ಮೆತ್ತಿಕೊಂಡಿತ್ತು. ಕುಂಕುಮ ಎಂದು ಗೊತ್ತಿತ್ತು. ಆದರೂ ಲೈಬ್ರರಿಯ ನಲ್ಲಿಯ ಕೆಳಗೆ ಬಹಳ ಹೊತ್ತು ತೊಳೆದೆ.

ಅಕ್ಟೋಬರ್ 7, ಮಂಗಳವಾರ

ಮಾವನನ್ನು ಕರೆಸಿದೆ. ‘ತಿರುಗುತ್ತಿಲ್ಲ’ ಎಂದಷ್ಟೇ ಫೋನಿನಲ್ಲಿ ಹೇಳಿದ್ದೆ.

ಅವರು ಕನ್ನಡಕ ಹಾಕಿಕೊಂಡು ಉರುಳೆಯನ್ನು ಕಷ್ಟಪಟ್ಟು ಬಿಡಿಸಿದರು. ಗುಂಡುಗಳ ಬುಡದಲ್ಲಿ ಕುಂಕುಮ ಒಣಗಿ ಹಪ್ಪಳದಂತೆ ಗಟ್ಟಿಯಾಗಿತ್ತು.

“ಯಾರು ಮಾಡಿದ್ದು ಈ ಪೂಜೆ?”

“ನಾನು,” ಅಂದಳು ಅಮ್ಮ ಅಡುಗೆಮನೆಯಿಂದ. “ಯಾಕ, ತಪ್ಪಾತೇನು?”

“ದುರುಗವ್ವಾ, ಅಂಚಿಗೂ ಹಿಂದಿನ ತಗಡಿಗೂ ನಡುವೆ ಒಂದು ಕೂದಲೆಳೆ ಸಂದು ಇರ್ತೈತೆ ಇದಕ್ಕೆ. ಅದರಾಗೆ ನೀನು ಎಂಟು ಬೊಟ್ಟು ಇಟ್ಟೀಯ. ಇನ್ನ ಹೆಂಗೆ ತಿರುಗ್ತೈತೆ? ಕಷ್ಟದ ಹೊತ್ತು ಬಂದಿದ್ರೆ ಹುಡುಗಿ ಸತ್ತೇ ಹೋಗ್ತಿದ್ಲು.”

ಅಮ್ಮ ಸೆರಗು ಬಾಯಿಗೆ ಹಿಡಿದು ನಿಂತುಬಿಟ್ಟಳು. ಆಗ ನನಗೆ ಸುಮ್ಮನಿರಲಾಗಲಿಲ್ಲ. ಹೇಳಿದೆ. ಎಳೆದದ್ದು, ಎರಡು ಸಲ ಎಳೆದದ್ದು, ಯಾರ ಮೇಲೆ ಎಂಬುದು.

ಮಾವ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮತ್ತೆ ಹಾಕಿಕೊಂಡರು. ಬ್ರಷ್ಷಿನಿಂದ ಒಂದೊಂದೇ ಕೋಣೆ ಉಜ್ಜಲು ಶುರು ಮಾಡಿದರು. ಮೂರು ಕೋಣೆ ಮುಗಿದ ಮೇಲೆ, “ಮೂವತ್ತನಾಲ್ಕು ವರ್ಷ ಸರ್ವೀಸ್ ಮಾಡೀನಿ,” ಎಂದರು. ನಾಲ್ಕನೆಯ ಕೋಣೆಗೆ ಬ್ರಷ್ ಹಾಕಿದರು.

ಅಮ್ಮ ಒಂದು ತಟ್ಟೆ ತಂದು, ಉದುರಿದ ಕುಂಕುಮವನ್ನೆಲ್ಲ ಅದಕ್ಕೆ ಬಳಿದುಕೊಂಡು ಹೋಗಿ ದೇವರ ಮುಂದೆ ಇಟ್ಟಳು.

ಅಕ್ಟೋಬರ್ 10, ಶುಕ್ರವಾರ

ಮೂರು ದಿನ ಲೈಬ್ರರಿಗೆ ಬಸ್ಸಿನಲ್ಲಿ ಹೋದೆ. ಬ್ಯಾಗಿನಲ್ಲಿ ಬುತ್ತಿ ಮಾತ್ರ. ಇವತ್ತು ಮಧ್ಯಾಹ್ನ ಬಾಗಿಲು ಹಾಕಿ ಗಾದೆಮ್ಮನ ಹಟ್ಟಿಗೆ ಹೋದೆ. ಆಕೆ ಹೊರಗಿನ ಕಲ್ಲಿನ ಮೇಲೆ ಕೂತು ಉಣ್ಣೆ ನೂಲುತ್ತಿದ್ದಳು. ಒಳಗೆ ಮಂಚದ ಮೇಲೆ ಬೀರಲಿಂಗೇಶಪ್ಪ.

“ಗಾದಕ್ಕ, ಅವತ್ತು ನನ್ನ ಕೈಯಾಗಿದ್ದದ್ದು ಬ್ಯಾಟ್ರಿ ಅಲ್ಲ. ಪಿಸ್ತೂಲು.”

“ಹೂಂ?”

“ನಿನ್ನ ಮ್ಯಾಲ ಎಳದೆ. ಎರಡು ಸಲ. ಕೆಟ್ಟು ನಿಂತಿತ್ತು, ಅದಕ್ಕ ಹಾರಲಿಲ್ಲ.”

ಕದಿರು ತಿರುಗಿ ತಿರುಗಿ ನಿಂತಿತು. ಒಳಗಿನಿಂದ, “ಏನಂತಾಳಲೇ ಆಕಿ?” ಎಂದ ಬೀರಲಿಂಗೇಶಪ್ಪ.

“ಏನಿಲ್ಲ. ನನ್ನ ಕೊಲ್ಲಾಕ ಹೋಗಿದ್ಲಂತ.”

“ಹಾಂ?”

“ಕೊಂದಿಲ್ಲ ತಗಾ. ಕುಂತೀನಲ್ಲ ಇಲ್ಲೇ.”

ನಗಬೇಕೋ ಬೇಡವೋ ತಿಳಿಯಲಿಲ್ಲ. ಆಕೆ ನಗುತ್ತಿರಲಿಲ್ಲ. “ಯಾರಂತ ತಿಳಕಂಡಿದ್ದಿ ನನ್ನ?”

“ಮೈಲಾರೇಶನ ಕಡೇರು ಅಂತ.”

“ನನ್ನ ಮಕ ನೋಡ್ಲಿಲ್ಲೇನು?”

“ಇಲ್ಲಕ್ಕ.”

“ಮಕ ನೋಡ್ದಂಗನ ಇವ್ನೇ ಅಂತ ಅಂದ್ಕಂಡುಬಿಟ್ಟಿ.”

ಆಕೆ ಉಣ್ಣೆಯನ್ನು ಬುಟ್ಟಿಗೆ ತುರುಕಿ ಎದ್ದು ನಿಂತಳು. “ಮರಿ ಇತ್ತಲ್ಲೇ ನನ್ನ ಎದಿಯಾಗ. ಹೋಗು. ಕೋರ್ಟಿಗೆ ಬರ್ತೀನಿ, ಬರಲ್ಲ ಅನ್ನಲ್ಲ. ಇವತ್ತು ಮಾತ್ರ ನಿನ್ನ ನೋಡಾಕ ಆಗವಲ್ದು ನನಗ.”

ಬಸ್ಸಿನಲ್ಲಿ ಕಿಟಕಿಯ ಬದಿ ಕೂತು ಬಂದೆ. ಕಾನಹೊಸಹಳ್ಳಿಯ ಸ್ಟ್ಯಾಂಡಿನಲ್ಲಿ ಇಳಿದಾಗ ಎದುರಿಗೆ ದಸರಾ ಶುಭಾಶಯದ ಫ್ಲೆಕ್ಸ್. ಸಾಲು ಮುಖಗಳ ನಡುವೆ ಮೈಲಾರೇಶನ ಮುಖ, ಹಣೆಗೆ ಗಂಧ. ವರ್ಷಗಳಿಂದ ಪ್ರತಿ ಹಬ್ಬಕ್ಕೂ ಅಲ್ಲಿ ಅವನ ಫ್ಲೆಕ್ಸ್ ಇರುತ್ತದೆ. ಅದರ ಮುಂದೆ ನಿಂತುಬಿಟ್ಟೆ. ಆಟೋದವನು ಹಾರ್ನ್ ಹೊಡೆದ ಮೇಲೆ ಸರಿದೆ.

ಅಕ್ಟೋಬರ್ 12, ಭಾನುವಾರ

ಹೋದ ವರ್ಷದ ಫೆಬ್ರವರಿಯ ಆ ಬೆಳಗ್ಗೆ ನಾನು ನೋಡಿದ್ದು ಇದು.

ಟಿಪ್ಪರ್ ಕುರಿಗಳ ಮೇಲೆ ಹಾಯ್ದು, ನೂರು ಹೆಜ್ಜೆ ಮುಂದೆ ಹೋಗಿ ನಿಂತಿತು. ನಾನು ಹಿಂದೆ, ತಿರುವಿನಲ್ಲಿ, ಸ್ಕೂಟಿಯ ಮೇಲೆ. ನಂಬರ್ ಓದಿದೆ. ಧೂಳು. ಡ್ರೈವರ್ ಬದಿಯ ಬಾಗಿಲಿನಿಂದ ಒಬ್ಬನು ಇಳಿದು, ಮುಖ ಮುಚ್ಚುವಂತೆ ತಲೆಗೆ ಟವೆಲ್ ಸುತ್ತಿಕೊಳ್ಳುತ್ತಾ ಧೂಳಿನೊಳಗಿಂದ ಬಂದು ಬೀರಲಿಂಗೇಶಪ್ಪನ ಪಕ್ಕ ನನಗೆ ಬೆನ್ನು ಮಾಡಿ ಕುಕ್ಕರಗಾಲಿನಲ್ಲಿ ಕೂತ. ಬಿಳಿ ಅಂಗಿಯ ಬೆನ್ನು ಬೆವರಿಗೆ ಅಂಟಿತ್ತು. ಏನೋ ಅಂದ. ಎದ್ದು, ಟಿಪ್ಪರಿನ ಕಡೆಗೇ ಮುಖ ಮಾಡಿ ಓಡಿಹೋಗಿ ಹತ್ತಿದ.

ಮುಖ ಇಲ್ಲ. ಎಷ್ಟು ಸಲ ನೆನೆದರೂ ಧೂಳು, ಟವೆಲ್, ಬೆನ್ನು. ಮುಖ ಎಂದು ಇಷ್ಟು ದಿನ ನನ್ನ ಕಣ್ಣಿಗೆ ಬರುತ್ತಿದ್ದದ್ದು ಗಂಧ ಹಚ್ಚಿ ನಗುವ ಮುಖ. ಅದು ಫ್ಲೆಕ್ಸಿನದು.

ಹೇಳಿಕೆ ಬರೆದುಕೊಂಡವರು, “ಮೈಲಾರೇಶನ ಗಾಡಿನೇ. ಮುಖ ನೋಡಿದ್ರಿ ಅಲ್ವೇನ್ರಿ?” ಎಂದಿದ್ದರು. ಕೋಣೆಯಲ್ಲಿ ಆರು ಮಂದಿ ಗಂಡಸರಿದ್ದರು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬೇಗ ಮುಗಿದರೆ ಸಾಕಾಗಿತ್ತು. ತಲೆ ಆಡಿಸಿದೆ. ‘ಸ್ಪಷ್ಟವಾಗಿ ನೋಡಿರುತ್ತೇನೆ’ ಎಂದು ಬರೆದುಕೊಂಡರು. ಇಪ್ಪತ್ತು ತಿಂಗಳು ನಾನು ಹೆದರುತ್ತಿದ್ದದ್ದು ಬೈಕಿನವರಿಗೆ ಮಾತ್ರವಲ್ಲ.

ಆದರೆ ಅವನು ಅಂದದ್ದನ್ನು ಕೇಳಿಸಿಕೊಂಡಿದ್ದೆ. ಇದನ್ನು ಯಾರೂ ನನ್ನನ್ನು ಕೇಳಲಿಲ್ಲ. ಅವನು ಬೀರಲಿಂಗೇಶಪ್ಪನ ಭುಜ ಅಲುಗಿಸಿ, “ಲೇ ಬೀರಾ, ಯಾಕ ಅಡ್ಡ ಬಂದ್ಯೋ?” ಅಂದ.

ಬೀರಾ. ವಾರದ ಹಿಂದೆ ಬಂದ ದೂರದ ಊರಿನ ಡ್ರೈವರನಿಗೆ, ಧೂಳಿನಲ್ಲಿ ರಕ್ತದಲ್ಲಿ ಬಿದ್ದ ಕುರಿಗಾಹಿಯ ಹೆಸರು ಹೇಗೆ ಗೊತ್ತು? ಅದೂ ಮನೆಯವರು ಕರೆಯುವಂತೆ.

ಲೈಬ್ರರಿಯಲ್ಲಿ ನನ್ನೊಡನೆ ಮಾತಾಡಿದ ದನಿಯೂ ಅದೇ ಅನಿಸುತ್ತದೆ. ಆದರೆ ಅನಿಸುತ್ತದೆ ಅಷ್ಟೇ. ಅದನ್ನು ಖಚಿತ ಎನ್ನಲಾರೆ. ಹೆಸರು ಹಿಡಿದು ಕರೆದದ್ದು ಖಚಿತ.

ಅಕ್ಟೋಬರ್ 14, ಮಂಗಳವಾರ

ಬೆಳಗ್ಗೆ ಮಾವನ ಜೊತೆ ಠಾಣೆಗೆ ಹೋಗಿ ರಿವಾಲ್ವರನ್ನೂ ಎಂಟು ಗುಂಡುಗಳನ್ನೂ ಒಪ್ಪಿಸಿ ರಸೀದಿ ತೆಗೆದುಕೊಂಡೆ. “ಇಷ್ಟು ಬೇಗನ?” ಎಂದು ರೈಟರ್ ನಕ್ಕ. ಬೇಕೆನಿಸಿದಾಗ ಮತ್ತೆ ಅರ್ಜಿ ಕೊಟ್ಟು ಬಿಡಿಸಿಕೊಳ್ಳಬಹುದಂತೆ. ಬಿಡಿಸಿಕೊಳ್ಳುತ್ತೇನೋ ಇಲ್ಲವೋ ಇವತ್ತು ಗೊತ್ತಿಲ್ಲ. ಅದೇ ಕೌಂಟರಿನಲ್ಲಿ ನಿಂತು, ಬೈಕಿನ ನಂಬರನ್ನೂ ಬೂಟಿನ ಗುರುತಿನ ವಿಷಯವನ್ನೂ ಬರೆದು ತಂದಿದ್ದ ದೂರನ್ನು ಕೊಟ್ಟೆ. ಬೂಟಿನದು ಈಗ ಒರೆಸಿಹೋಗಿದೆ ಎಂದೂ ಬರೆದಿದ್ದೆ.

“ಗುರ್ತು ಇಲ್ಲ ಅಂತ ನೀವೇ ಬರದ್ರ ಹೆಂಗ್ರಿ ಮೇಡಂ?” ಅಂದ ರೈಟರ್.

“ಇಲ್ಲ ಅಂದ್ಮ್ಯಾಲ ಇಲ್ಲ ಅಂತನ ಬರೀಬೇಕಲ್ರಿ. ಸೀಲ್ ಹಾಕಿ ಒಂದು ಕಾಪಿ ಕೊಡ್ರಿ,” ಎಂದೆ. ಕೊಟ್ಟ.

ದಾರಿಯಲ್ಲಿ ಮಾವ, “ನಾಳೆ ಹೇಳಿಕೇಲಿ ಐತಲ್ಲ, ಅದನ್ನೇ ಹೇಳು. ಒಂದಕ್ಷರ ಆಚೀಚೆ ಆದ್ರೆ ಉಲ್ಟಾ ಹೊಡೆದ್ಲು ಅಂತಾರೆ,” ಎಂದರು. ನಾನು ‘ಹೂಂ’ ಎನ್ನಲಿಲ್ಲ. ಅವರು ಗಮನಿಸಲಿಲ್ಲ.

ಸಂಜೆ ಗಾದೆಮ್ಮ ಫೋನ್ ಮಾಡಿದಳು. “ಏಳೂವರಿ ಬಸ್ಸಿಗೆ ಬಾ. ಬೀರಾನ್ನ ಮಲಗಿಸ್ಕಂಡು ಆಟೋದಾಗ ಬರ್ತಾರ ತಮ್ಮದೇರು. ನಾ ಬಸ್ಸಿಗೇ ಬರ್ತೀನಿ. ನಿನ್ನ ಬಾಜೂಕ ಮಾತ್ರ ಕುಂದ್ರಲ್ಲ ಮತ್ತ, ಹಿಂದ ಕುಂದ್ರತೀನಿ.”

“ಆಗ್ಲಿ ಗಾದಕ್ಕ.”

“ಉಂಡು ಬಾ. ಖಾಲಿ ಹೊಟ್ಟಿಲೆ ಬರಬ್ಯಾಡ.”

ನಾಳೆ ನಾನು ಮುಖ ನೋಡಲಿಲ್ಲ ಎಂದು ಹೇಳುತ್ತೇನೆ. ಅವನ ವಕೀಲರು ಕೆದಕಿ ತೆಗೆಯುವ ಮೊದಲೇ, ನಾನೇ ಹೇಳುತ್ತೇನೆ. ಹೇಳಿಕೆಯಲ್ಲಿ ಬೇರೆ ಇದೆಯಲ್ಲ ಎಂದರೆ, ತಲೆ ಆಡಿಸಿದ್ದು ನನ್ನ ತಪ್ಪು ಎನ್ನುತ್ತೇನೆ. ಆಮೇಲೆ ಬೀರಲಿಂಗೇಶಪ್ಪನ ಪಕ್ಕ ಕೂತವನು ಆಡಿದ ಮಾತನ್ನು, ಅವನು ಆಡಿದ ಹಾಗೆಯೇ, ಅವನ ‘ಲೇ’ ಸಹಿತ ಹೇಳುತ್ತೇನೆ. ಗೆಲ್ಲಲು ಇದು ಸಾಕಾಗದೆ ಹೋಗಬಹುದು. ಮೆಲ್ಲಗೆ ಹೇಳಿದರೆ ಬರೆದುಕೊಳ್ಳುವವರು ತಮಗೆ ಕೇಳಿಸಿದ್ದನ್ನು ಬರೆದುಕೊಳ್ಳುತ್ತಾರೆ, ಅದಕ್ಕೆ ಗಟ್ಟಿಯಾಗಿ ಹೇಳುತ್ತೇನೆ. ಮುಗಿದ ಮೇಲೆ ಓದಿ ಹೇಳಿ ಎನ್ನುತ್ತೇನೆ. ಅದು ನಾನು ಹೇಳಿದ್ದೇ ಆಗಿದ್ದರೆ ಸಹಿ ಹಾಕುತ್ತೇನೆ.